ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆ: ಬಾಟಲಿ ತುಂಬುವುದರಿಂದ ವರದಿ ಓದುವವರೆಗೆ

ಟಿಸಿಯ ಒಳಗೆ ಎಣ್ಣೆ ಇರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಂಬದ ಬುಡದಲ್ಲಿ ಎಣ್ಣೆ ಸೋರಿದ ಕಪ್ಪು ಕಲೆ ಕಂಡಿರುತ್ತೇವೆ. ಎಣ್ಣೆ ಕದ್ದವರ ಸುದ್ದಿ ಓದಿರುತ್ತೇವೆ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳ ಹೊರೆ ತಾಳದೆ ಟಿಸಿ ಸುಟ್ಟಾಗ ಬರುವ ಕಮಟು ವಾಸನೆಯೂ ಗೊತ್ತು. ಆದರೆ ಅದೇ ಎಣ್ಣೆಯಲ್ಲಿ ಒಂದೆರಡು ಲೀಟರ್ ತೆಗೆದು ಲ್ಯಾಬಿಗೆ ಕಳಿಸಿದರೆ, ಮುಚ್ಚಿದ ಟ್ಯಾಂಕಿನೊಳಗೆ ಏನು ಕೆಡುತ್ತಿದೆ ಎಂದು ಸುಡುವ ಮೊದಲೇ ತಿಳಿಯಬಹುದು. ಇದು ಎಲೆಕ್ಟ್ರಿಕಲ್ ಕೆಲಸದವರ ಆಚೆ ಅಷ್ಟಾಗಿ ಗೊತ್ತಿಲ್ಲ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಸ್ವಂತ ಟ್ರಾನ್ಸ್‌ಫಾರ್ಮರ್ ಇರುವವರಿಗಾಗಿ. ಅಕ್ಕಿ ಗಿರಣಿ, ಕೋಲ್ಡ್ ಸ್ಟೋರೇಜ್, ಆಸ್ಪತ್ರೆ, ದೊಡ್ಡ ಅಪಾರ್ಟ್‌ಮೆಂಟ್ ಇಂಥ ಕಡೆ 11 ಕೆವಿ ಎಚ್‌ಟಿ ಸಂಪರ್ಕ ಪಡೆದು, ತಮ್ಮದೇ 250 ಅಥವಾ 500 ಕೆವಿಎ ಟ್ರಾನ್ಸ್‌ಫಾರ್ಮರ್ ಕೂರಿಸಿಕೊಂಡಿರುತ್ತಾರೆ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಗಳಲ್ಲಿ 66 ಅಥವಾ 110 ಕೆವಿಯ ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್‌ಗಳೇ ಇರುತ್ತವೆ. ಇವುಗಳ ಆರೋಗ್ಯ ನೋಡಿಕೊಳ್ಳುವ ಹೊಣೆ ಮಾಲೀಕರದ್ದು. ಬೀದಿಯ ಟಿಸಿಯಾದರೆ ಅದು ವಿದ್ಯುತ್ ಕಂಪನಿಯ ಆಸ್ತಿ. ಅದಕ್ಕೆ ನಾವು ಕೈ ಹಚ್ಚುವಂತಿಲ್ಲ. ಎಣ್ಣೆ ಸೋರುವುದು ಕಂಡರೆ 1912ಕ್ಕೆ ಫೋನ್ ಮಾಡಿ ತಿಳಿಸಬಹುದು, ತಿಳಿಸಬೇಕು.

ಎಣ್ಣೆಗೆ ಅಲ್ಲಿ ಏನು ಕೆಲಸ?

ಎರಡು ಕೆಲಸ. ಒಂದು, ತಾಮ್ರದ ಸುರುಳಿಗಳ ನಡುವೆ, ಸುರುಳಿಗೂ ಟ್ಯಾಂಕಿಗೂ ನಡುವೆ ಕರೆಂಟು ಹಾರದಂತೆ ತಡೆಯುವುದು. ಇದೇ ಇನ್ಸುಲೇಶನ್, ಅಂದರೆ ವಿದ್ಯುತ್ ನಿರೋಧ. ಎರಡು, ಸುರುಳಿಯಲ್ಲಿ ಹುಟ್ಟುವ ಶಾಖವನ್ನು ಹೊತ್ತು ರೇಡಿಯೇಟರ್ ರೆಕ್ಕೆಗಳಿಗೆ ಮುಟ್ಟಿಸುವುದು. ಬಿಸಿಯಾದ ಎಣ್ಣೆ ಮೇಲೇರುತ್ತದೆ, ರೆಕ್ಕೆಗಳಲ್ಲಿ ತಣಿದು ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಇದು ಕಚ್ಚಾ ತೈಲದಿಂದ ಶುದ್ಧೀಕರಿಸಿದ ಖನಿಜ ಎಣ್ಣೆ. ಹೊಸ ಎಣ್ಣೆ ಹೇಗಿರಬೇಕು ಎಂದು ಐಎಸ್ 335 ಎಂಬ ಭಾರತೀಯ ಮಾನಕ ಹೇಳುತ್ತದೆ. ಬಳಕೆಯಲ್ಲಿರುವ ಎಣ್ಣೆಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಐಎಸ್ 1866 ಇದೆ.

ಎಣ್ಣೆಯ ಜೊತೆಗೆ ಒಳಗೆ ಕಾಗದವೂ ಇದೆ. ತಾಮ್ರದ ತಂತಿಗೆ ಸುತ್ತಿರುವುದು ಕಾಗದ, ಪದರಗಳ ನಡುವೆ ಇಟ್ಟಿರುವುದು ಒತ್ತಿದ ರಟ್ಟು. ಎಣ್ಣೆ ಕೆಟ್ಟರೆ ಬದಲಿಸಬಹುದು. ಕಾಗದ ಕೆಟ್ಟರೆ ಸುರುಳಿಯನ್ನೇ ಬಿಚ್ಚಿ ಹೊಸದಾಗಿ ಸುತ್ತಬೇಕು. ಟ್ರಾನ್ಸ್‌ಫಾರ್ಮರಿನ ಆಯುಸ್ಸು ಎಂದರೆ ಆ ಕಾಗದದ ಆಯುಸ್ಸು. ಕಾಗದವನ್ನು ನಾವು ನೋಡಲಾರೆವು, ಮುಟ್ಟಲಾರೆವು. ಅದನ್ನು ಹಗಲಿರುಳು ತೊಯ್ಯಿಸಿಕೊಂಡಿರುವ ಎಣ್ಣೆ ಮಾತ್ರ ನಮ್ಮ ಕೈಗೆ ಸಿಗುತ್ತದೆ. ಆದ್ದರಿಂದಲೇ ಎಣ್ಣೆಯ ಪರೀಕ್ಷೆಗೆ ಇಷ್ಟು ಬೆಲೆ.

ಎಣ್ಣೆ ಯಾಕೆ ಕೆಡುತ್ತದೆ? ನೀರು, ಗಾಳಿ, ಶಾಖ. ಹಗಲು ಹೊರೆ ಏರಿದಾಗ ಎಣ್ಣೆ ಹಿಗ್ಗಿ, ಮೇಲಿನ ಕನ್ಸರ್ವೇಟರ್ ಎಂಬ ಸಣ್ಣ ಪೀಪಾಯಿಯಿಂದ ಗಾಳಿಯನ್ನು ಹೊರದಬ್ಬುತ್ತದೆ. ರಾತ್ರಿ ತಣಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ನಿಜಕ್ಕೂ ಉಸಿರಾಡುತ್ತದೆ. ಆ ಉಸಿರಿನ ತೇವ ಹೀರಲು ಬ್ರೀದರ್ ಎಂಬ ಗಾಜಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳು ತುಂಬಿರುತ್ತಾರೆ. ಒಣಗಿರುವಾಗ ನೀಲಿ, ತೇವ ಕುಡಿದಾಗ ಗುಲಾಬಿ. ಕೆಲವು ಹೊಸ ಬಗೆಯ ಹರಳು ಕಿತ್ತಳೆಯಿಂದ ಹಸಿರಿಗೆ ತಿರುಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಗುಲಾಬಿಯಾಗುತ್ತದೆ. ಹರಳು ಬದಲಿಸುವ ಖರ್ಚು ಬಹಳ ಸಣ್ಣದು. ಹಾಗೇ ಬಿಟ್ಟರೆ ಮಳೆಗಾಲದ ಉದ್ದಕ್ಕೂ ಪ್ರತಿ ರಾತ್ರಿ ಒದ್ದೆ ಗಾಳಿ ನೇರವಾಗಿ ಒಳಗೆ ಹೋಗುತ್ತದೆ. ಪರೀಕ್ಷೆಯ ಮಾತು ಹಾಗಿರಲಿ, ಇವತ್ತು ಮನೆಗೆ ಹೋಗುವ ಮೊದಲು ಆ ಡಬ್ಬಿಯ ಬಣ್ಣವನ್ನೊಮ್ಮೆ ನೋಡಿ ಬನ್ನಿ.

ಬಾಟಲಿ ತುಂಬುವುದೇ ಅರ್ಧ ಪರೀಕ್ಷೆ

ಲ್ಯಾಬಿನ ಯಂತ್ರಕ್ಕೆ ಕೋಟಿ ರೂಪಾಯಿ ಬೆಲೆಯಿದ್ದರೂ ಅದು ಪರೀಕ್ಷಿಸುವುದು ನೀವು ಕಳಿಸಿದ ಬಾಟಲಿಯನ್ನು. ಬಾಟಲಿಯಲ್ಲಿ ಒಂದು ಹನಿ ನೀರಿದ್ದರೆ ವರದಿ ಆ ಹನಿಯದ್ದೇ ಆಗುತ್ತದೆ. ಖನಿಜ ನೀರಿನ ಖಾಲಿ ಬಾಟಲಿ ತೊಳೆದು ಅದರಲ್ಲಿ ಎಣ್ಣೆ ತುಂಬಿ ಕಳಿಸುವವರಿದ್ದಾರೆ. ಅಂಥ ವರದಿಯ ಮೇಲೆ ಖರ್ಚು ಮಾಡಿದ ಹಣ ನೀರಿಗೆ ಹಾಕಿದಂತೆಯೇ.

ಮೊದಲು ಸುರಕ್ಷತೆ. ಮಾದರಿ ತೆಗೆಯುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಅಥವಾ ಅನುಭವಿ ಸಿಬ್ಬಂದಿಯ ಕೆಲಸ. ಸಣ್ಣ ಟ್ರಾನ್ಸ್‌ಫಾರ್ಮರ್ ಆದರೆ ಲೈನ್ ಬಂದ್ ಮಾಡಿಯೇ ತೆಗೆಯಬೇಕು. ಅದರಲ್ಲಿರುವ ಎಣ್ಣೆ ಕಡಿಮೆ, ಮಟ್ಟ ಇಳಿದರೆ ಸುರುಳಿಯ ಮೇಲ್ಭಾಗ ಬತ್ತಲಾಗುವ ಅಪಾಯವಿದೆ. ಪೂರ್ತಿ ಸೀಲ್ ಮಾಡಿದ ಬಗೆಯಾದರೆ ತಯಾರಕರನ್ನು ಕೇಳದೆ ವಾಲ್ವ್ ಬಿಚ್ಚಬೇಡಿ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಚಾಲೂ ಇರುವಾಗಲೇ ಕೆಳಗಿನ ವಾಲ್ವ್‌ನಿಂದ ತೆಗೆಯುವುದು ರೂಢಿ. ಆದರೆ ಒಳಗೆ ಒತ್ತಡ ಕಡಿಮೆಯಿದ್ದರೆ ಎಣ್ಣೆ ಹೊರಬರುವ ಬದಲು ಗಾಳಿಯ ಗುಳ್ಳೆ ಒಳಗೆ ಹೋಗುತ್ತದೆ. ಸುರುಳಿಯ ನಡುವೆ ಸಿಕ್ಕ ಗುಳ್ಳೆ ಅನಾಹುತಕ್ಕೆ ದಾರಿ. ಹೊರಗಿನ ಒತ್ತಡಕ್ಕಿಂತ ಒಳಗಿನದು ಹೆಚ್ಚಿದೆ ಎಂದು ಖಾತ್ರಿಯಾದ ಮೇಲೆಯೇ ವಾಲ್ವ್ ತಿರುಗಿಸಬೇಕು.

ಮಳೆ, ಮಂಜು, ದೂಳುಗಾಳಿ ಇರುವ ದಿನ ಬೇಡ. ವಾಲ್ವಿನ ಬಾಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಮೊದಲು ಬರುವ ಎಣ್ಣೆಯನ್ನು ಬೇರೆ ಪಾತ್ರೆಗೆ ಬಿಡಬೇಕು. ವಾಲ್ವ್ ಕೊಳವೆಯಲ್ಲಿ ತಿಂಗಳುಗಟ್ಟಲೆ ನಿಂತ ಗಸಿ ಅದರಲ್ಲಿರುತ್ತದೆ, ಅದು ಟ್ಯಾಂಕಿನ ಎಣ್ಣೆಯ ನಿಜವಾದ ಗುಣ ತೋರಿಸುವುದಿಲ್ಲ. ಆಮೇಲೆ ಬರುವ ಎಣ್ಣೆಯಲ್ಲೇ ಬಾಟಲಿಯನ್ನು ಒಂದೆರಡು ಸಲ ಕುಲುಕಿ ಚೆಲ್ಲಬೇಕು. ಬಾಟಲಿ ಗಾಜಿನದ್ದಾಗಿರಲಿ, ಕಂದು ಬಣ್ಣದ್ದಾದರೆ ಉತ್ತಮ. ಬಿಳಿ ಗಾಜಾದರೆ ಕಪ್ಪು ಕಾಗದ ಸುತ್ತಿ, ಯಾಕೆಂದರೆ ಬಿಸಿಲು ಬಿದ್ದರೆ ಎಣ್ಣೆಯ ಗುಣ ಬದಲಾಗುತ್ತದೆ. ಎಣ್ಣೆ ಬಾಟಲಿಯ ಗೋಡೆಗುಂಟ ಮೆಲ್ಲಗೆ ಇಳಿಯಬೇಕು, ಮೇಲಿನಿಂದ ಸುರಿದು ನೊರೆ ಬರಿಸಬಾರದು.

ಅನಿಲ ಪರೀಕ್ಷೆಗೆ ಮಾತ್ರ ಬಾಟಲಿಗಿಂತ ಗಾಜಿನ ಸಿರಿಂಜ್ ಮೇಲು. ತುದಿಯಲ್ಲಿ ಮೂರು ದಾರಿಯ ಸಣ್ಣ ನಲ್ಲಿ ಇರುತ್ತದೆ. ಹೈಡ್ರೋಜನ್ ಎಷ್ಟು ಸೂಕ್ಷ್ಮವೆಂದರೆ ಸಾಮಾನ್ಯ ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೇ ನುಸುಳಿ ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕಳಿಸಿದರೆ ಹುಡುಕಬೇಕಾದ ಅನಿಲವೇ ದಾರಿಯಲ್ಲಿ ತಪ್ಪಿಸಿಕೊಂಡಿರುತ್ತದೆ.

ಚೀಟಿಯಲ್ಲಿ ಟ್ರಾನ್ಸ್‌ಫಾರ್ಮರಿನ ಸೀರಿಯಲ್ ನಂಬರ್, ಕೆವಿಎ, ವೋಲ್ಟೇಜು, ತಯಾರಾದ ವರ್ಷ, ಮಾದರಿ ತೆಗೆದ ದಿನ ಬರೆಯಿರಿ. ಆ ಹೊತ್ತಿನ ಎಣ್ಣೆಯ ಉಷ್ಣತೆಯನ್ನೂ ಬರೆಯಲೇಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಅದು ಯಾಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಬಿಡಿವಿ: ಎಲ್ಲರಿಗೂ ಗೊತ್ತಿರುವ ಪರೀಕ್ಷೆ

ಬಿಡಿವಿ ಎಂದರೆ ಬ್ರೇಕ್‌ಡೌನ್ ವೋಲ್ಟೇಜ್, ಎಣ್ಣೆಯ ತಡೆ ಮುರಿಯುವ ವೋಲ್ಟೇಜು. ಸಣ್ಣ ಪಾತ್ರೆಯಲ್ಲಿ ಎಣ್ಣೆ ತುಂಬಿ, ಅದರೊಳಗೆ ಎರಡು ಲೋಹದ ಗುಂಡುಗಳನ್ನು 2.5 ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ಇಡುತ್ತಾರೆ. ಗುಳ್ಳೆಗಳು ಹೋಗಲೆಂದು ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ವೋಲ್ಟೇಜನ್ನು ಸೆಕೆಂಡಿಗೆ 2 ಕೆವಿಯಂತೆ ಏರಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಚಟ್ ಎಂದು ಕಿಡಿ ಹಾರುತ್ತದೆ. ಆ ಅಂಕಿಯನ್ನು ಬರೆದುಕೊಂಡು, ಎಣ್ಣೆ ಕಲಕಿ, ಎರಡು ನಿಮಿಷ ಬಿಟ್ಟು ಮತ್ತೆ ಏರಿಸುತ್ತಾರೆ. ಹೀಗೆ ಆರು ಸಲ. ಆರರ ಸರಾಸರಿಯೇ ನಿಮ್ಮ ಬಿಡಿವಿ.

ಅಷ್ಟೇ ಅಂತರದಲ್ಲಿ ಬರೀ ಗಾಳಿಯಿದ್ದರೆ 8 ಕೆವಿಯೊಳಗೇ ಕಿಡಿ ಹಾರಿಬಿಡುತ್ತದೆ. ಹೊಸ ಎಣ್ಣೆ ಬ್ಯಾರೆಲ್ಲಿನಿಂದ ಬಂದ ಹಾಗೇ ಕನಿಷ್ಠ 30 ಕೆವಿ ತಡೆಯಬೇಕು, ಒಣಗಿಸಿ ಸೋಸಿದ ಮೇಲೆ ಕನಿಷ್ಠ 70. ಬಳಕೆಯಲ್ಲಿರುವ ಎಣ್ಣೆಗೆ ಮಿತಿ ಬೇರೆ. 72.5 ಕೆವಿವರೆಗಿನ ಟ್ರಾನ್ಸ್‌ಫಾರ್ಮರ್‌ಗಳಲ್ಲಿ 40ರ ಮೇಲೆ ಒಳ್ಳೆಯದು, 30ರ ಕೆಳಗೆ ಕೆಟ್ಟದ್ದು. 170 ಕೆವಿಗಿಂತ ಮೇಲಿನ ದೊಡ್ಡವುಗಳಲ್ಲಿ 60ರ ಮೇಲಿರಬೇಕು, 50ಕ್ಕಿಂತ ಇಳಿದರೆ ಕೆಟ್ಟಿತು.

ವರದಿಯಲ್ಲಿ ಸರಾಸರಿ ಮಾತ್ರ ನೋಡಬೇಡಿ, ಆರೂ ಅಂಕಿಗಳನ್ನು ಕೇಳಿ ಪಡೆಯಿರಿ. 52, 55, 50, 54 ಹೀಗಿದ್ದರೆ ಒಂದು ಕಥೆ. 70, 28, 66, 31 ಹೀಗಿದ್ದರೆ ಸರಾಸರಿ ಚೆನ್ನಾಗಿಯೇ ಬರಬಹುದು, ಆದರೆ ಎಣ್ಣೆಯಲ್ಲಿ ನಾರು ಅಥವಾ ಕಣಗಳು ತೇಲುತ್ತಿರುವ ಸಾಧ್ಯತೆ ಹೆಚ್ಚು. ಒದ್ದೆ ನಾರುಗಳು ಎರಡು ಗುಂಡುಗಳ ನಡುವೆ ಸಾಲುಗಟ್ಟಿ ಸೇತುವೆಯಾಗುತ್ತವೆ. ಒಂದು ಸಲ ಸೇತುವೆ ಕಟ್ಟಿಕೊಂಡರೆ ಅಂಕಿ ಬೀಳುತ್ತದೆ, ಇನ್ನೊಂದು ಸಲ ಚದುರಿದ್ದರೆ ಏರುತ್ತದೆ.

ಇಲ್ಲಿ ಬರುವ ಮೊದಲ ಅನುಮಾನ ಇದು: "ಬಿಡಿವಿ ಪಾಸಾಗಿದೆ, ಇನ್ನೇನು ಬೇಕು?" ಬೇಕು. ಬಿಡಿವಿ ಹೇಳುವುದು ಬಾಟಲಿಯಲ್ಲಿರುವ ಎಣ್ಣೆ ಈ ಕ್ಷಣ ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ. ಕಾಗದ ಸುಡುತ್ತಿದೆಯೇ, ಒಳಗೆಲ್ಲೋ ಸಡಿಲ ಜೋಡಣೆ ಕಾಯುತ್ತಿದೆಯೇ, ಆಮ್ಲ ಬೆಳೆಯುತ್ತಿದೆಯೇ ಎಂಬುದನ್ನು ಅದು ಹೇಳಲಾರದು. ಹುಳಿಯಾದ ಹಳೆಯ ಎಣ್ಣೆಯನ್ನು ಒಣಗಿಸಿ ಸೋಸಿದರೆ ಅದರ ಬಿಡಿವಿಯೂ ಹೊಸದರಂತೆ ಬರುತ್ತದೆ. ವರ್ಷಕ್ಕೊಮ್ಮೆ ಬಿಡಿವಿ ಮಾಡಿಸಿ ಫೈಲಿಗೆ ಸೇರಿಸಿ ನಿಶ್ಚಿಂತರಾಗುವವರು ನಮ್ಮಲ್ಲಿ ತುಂಬ ಜನ. ಈ ಲೇಖನದಲ್ಲಿ ನಾನು ಒತ್ತಿ ಹೇಳುವ ಮಾತು ಒಂದಿದ್ದರೆ ಅದು ಇದೇ: ಬಿಡಿವಿ ಒಂದನ್ನೇ ನಂಬಬೇಡಿ.

ನೀರಿನ ಲೆಕ್ಕ

ಹಿಂದೆ ಎಣ್ಣೆಯಲ್ಲಿ ನೀರಿದೆಯೇ ಎಂದು ನೋಡಲು ಸ್ವಲ್ಪ ಎಣ್ಣೆ ಕಾಯಿಸಿ ಕಿವಿಗೊಡುತ್ತಿದ್ದರು. ಒಗ್ಗರಣೆಗೆ ನೀರು ಬಿದ್ದಂತೆ ಚಟಪಟ ಎಂದರೆ ನೀರಿದೆ ಎಂದರ್ಥ. ಈಗ ಕಾರ್ಲ್ ಫಿಶರ್ ವಿಧಾನ ಬಳಸುತ್ತಾರೆ. ಆ ಹೆಸರಿನ ಜರ್ಮನ್ ರಸಾಯನ ವಿಜ್ಞಾನಿ 1935ರಲ್ಲಿ ಕೊಟ್ಟ ವಿಧಾನ ಇದು. ಅಯೋಡಿನ್ ನೀರಿನ ಜೊತೆ ನಿಗದಿತ ಪ್ರಮಾಣದಲ್ಲಿ ವರ್ತಿಸುತ್ತದೆ, ಖರ್ಚಾದ ಅಯೋಡಿನ್ ಅಳೆದು ನೀರಿನ ಲೆಕ್ಕ ತೆಗೆಯುತ್ತಾರೆ.

ಉತ್ತರ ಪಿಪಿಎಂನಲ್ಲಿ ಬರುತ್ತದೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ. 30 ಪಿಪಿಎಂ ಎಂದರೆ ಒಂದು ಟನ್ ಎಣ್ಣೆಯಲ್ಲಿ 30 ಗ್ರಾಂ ನೀರು, ಎರಡು ದೊಡ್ಡ ಚಮಚದಷ್ಟು. 72.5 ಕೆವಿವರೆಗಿನ ಟ್ರಾನ್ಸ್‌ಫಾರ್ಮರಿಗೆ 30ರ ಒಳಗಿದ್ದರೆ ಒಳ್ಳೆಯದು, 40 ದಾಟಿದರೆ ಕೆಟ್ಟದ್ದು. 170 ಕೆವಿಗಿಂತ ಮೇಲೆ 15ರ ಒಳಗಿರಬೇಕು.

ಉಷ್ಣತೆ ಬರೆಯಿರಿ ಎಂದೆನಲ್ಲ, ಕಾರಣ ಇಲ್ಲಿದೆ. ಬಿಸಿ ಎಣ್ಣೆ ಹೆಚ್ಚು ನೀರನ್ನು ಕರಗಿಸಿಕೊಳ್ಳುತ್ತದೆ. ಹೊಸ ಖನಿಜ ಎಣ್ಣೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 240 ಪಿಪಿಎಂವರೆಗೆ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಹಿಡಿಯುವುದು 55ರ ಆಸುಪಾಸು. 10 ಡಿಗ್ರಿಗೆ ಇಳಿದರೆ 36ರಷ್ಟು ಮಾತ್ರ. ಈಗ 30 ಪಿಪಿಎಂ ಎಂಬ ಒಂದೇ ಅಂಕಿಯನ್ನು ನೋಡಿ. ಬಿಸಿ ಎಣ್ಣೆಗೆ ಅದು ಎಂಟನೇ ಒಂದು ಪಾಲು, ಏನೂ ತೊಂದರೆಯಿಲ್ಲ. ಚಳಿಗಾಲದ ರಾತ್ರಿ ತಣಿದ ಎಣ್ಣೆಗೆ ಅದೇ ನೀರು ಕಂಠಮಟ್ಟ. ಇನ್ನೂ ಸ್ವಲ್ಪ ತಣಿದರೆ ನೀರು ಬಿಟ್ಟುಕೊಂಡು ಹನಿಯಾಗಿ ನಿಲ್ಲುತ್ತದೆ.

ಅದಕ್ಕೇ ಹಂಗಾಮಿನಲ್ಲಿ ಮಾತ್ರ ನಡೆಯುವ ಉದ್ದಿಮೆಗಳು ಎಚ್ಚರ ವಹಿಸಬೇಕು. ಸಕ್ಕರೆ ಕಾರ್ಖಾನೆ, ಕಾಫಿ ಕ್ಯೂರಿಂಗ್, ಜಿನ್ನಿಂಗ್ ಗಿರಣಿಗಳ ಟ್ರಾನ್ಸ್‌ಫಾರ್ಮರ್ ತಿಂಗಳುಗಟ್ಟಲೆ ಬಂದ್ ಇರುತ್ತದೆ, ಅದೂ ಮಳೆಗಾಲದಲ್ಲಿ. ಹಂಗಾಮು ಶುರುವಾಗುವ ದಿನ ನೇರವಾಗಿ ಸ್ವಿಚ್ ಹಾಕುವ ಮೊದಲು ಎಣ್ಣೆಯ ನೀರು, ಬಿಡಿವಿ ಎರಡನ್ನೂ ನೋಡಿಸಿಕೊಳ್ಳಿ.

ಇನ್ನೊಂದು ಸಂಗತಿ. ಟ್ರಾನ್ಸ್‌ಫಾರ್ಮರಿನ ಒಟ್ಟು ನೀರಿನಲ್ಲಿ ಎಣ್ಣೆಯಲ್ಲಿರುವುದು ಬರೀ ಚೂರು, ಉಳಿದದ್ದೆಲ್ಲ ಕಾಗದದಲ್ಲಿ ಅಡಗಿರುತ್ತದೆ. ಒಂದು ಟನ್ ಕಾಗದದಲ್ಲಿ ನೂರಕ್ಕೆ 2ರಷ್ಟು ತೇವ ಎಂದರೆ 20 ಕಿಲೋ ನೀರು. ಎಣ್ಣೆಯಲ್ಲಿನ ಎರಡು ಚಮಚ ತೆಗೆದರೆ ಕಾಗದ ಮೆಲ್ಲಗೆ ಮತ್ತೆ ಎರಡು ಚಮಚ ಬಿಟ್ಟುಕೊಡುತ್ತದೆ. "ಫಿಲ್ಟರ್ ಮಾಡಿಸಿ ತಿಂಗಳಾಗಿಲ್ಲ, ಮತ್ತೆ ನೀರು ಬಂದಿದೆ" ಎಂದು ಎಷ್ಟೋ ಜನ ಕಂಟ್ರಾಕ್ಟರ್ ಮೇಲೆ ಸಿಟ್ಟಾಗುತ್ತಾರೆ. ಎಲ್ಲ ಸಲವೂ ಕಂಟ್ರಾಕ್ಟರಿನ ತಪ್ಪಲ್ಲ. ಒಳಗಿನ ಕಾಗದ ಒದ್ದೆಯಾಗಿದ್ದರೆ ದಿನಗಟ್ಟಲೆ ಬಿಸಿ ಎಣ್ಣೆ ಸುತ್ತಿಸಿ ಒಣಗಿಸಬೇಕಾಗುತ್ತದೆ.

ಹುಳಿ, ಗಸಿ, ಬಣ್ಣ

ಎಣ್ಣೆ ಆಮ್ಲಜನಕದ ಜೊತೆ ಸೇರಿ ಹಳೆಯದಾದಂತೆ ಹುಳಿಯಾಗುತ್ತದೆ. ಒಂದು ಗ್ರಾಂ ಎಣ್ಣೆಯ ಆಮ್ಲ ತಣಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬುದೇ ಅಸಿಡಿಟಿಯ ಅಂಕಿ. ಹೊಸದರಲ್ಲಿ 0.01ಕ್ಕಿಂತ ಹೆಚ್ಚಿರಬಾರದು. 72.5 ಕೆವಿವರೆಗಿನವುಗಳಲ್ಲಿ 0.30 ದಾಟಿದರೆ ಎಣ್ಣೆ ಕೆಟ್ಟಿದೆ. ಆಮ್ಲ ಕಾಗದವನ್ನು ತಿನ್ನುತ್ತದೆ, ಲೋಹವನ್ನೂ ಬಿಡುವುದಿಲ್ಲ. ಕೊನೆಗೆ ಸ್ಲಡ್ಜ್ ಎಂಬ ಜಿಗುಟು ಗಸಿಯಾಗಿ ಸುರುಳಿಗೆ ಮೆತ್ತಿಕೊಂಡು ಎಣ್ಣೆ ಹರಿಯುವ ಸಂದುಗಳನ್ನು ಕಟ್ಟಿಬಿಡುತ್ತದೆ. ಆಮೇಲೆ ಶಾಖ ಹೊರಗೆ ಬರುವುದಿಲ್ಲ.

ಗಸಿ ಕಟ್ಟುವ ಮೊದಲೇ ಸುಳಿವು ಕೊಡುವುದು ಐಎಫ್‌ಟಿ. ಎಣ್ಣೆಯೂ ನೀರೂ ಸೇರುವ ಅಂಚಿನಲ್ಲಿರುವ ಬಿಗಿತದ ಅಳತೆ ಇದು. ಹೊಸದರಲ್ಲಿ ಮೀಟರಿಗೆ 40 ಮಿಲಿನ್ಯೂಟನ್ ಇರಬೇಕು. 20ರ ಹತ್ತಿರ ಇಳಿದರೆ ಗಸಿ ಬರುತ್ತಿದೆ ಎಂದು ತಿಳಿಯಬೇಕು. ಟ್ಯಾನ್ ಡೆಲ್ಟಾ ಎಂಬ ಇನ್ನೊಂದು ಪರೀಕ್ಷೆ ಎಣ್ಣೆಯಲ್ಲಿ ವಿದ್ಯುತ್ ಎಷ್ಟು ಸೋರಿ ಶಾಖವಾಗುತ್ತದೆ ಎಂದು ಹೇಳುತ್ತದೆ. 90 ಡಿಗ್ರಿಗೆ ಕಾಯಿಸಿ ಅಳೆಯುತ್ತಾರೆ, ಹೊಸ ಎಣ್ಣೆಗೆ 0.005 ಮಿತಿ.

ಬಣ್ಣ ನೋಡಿ ತೀರ್ಮಾನಿಸಬಹುದೇ? ಹೊಸ ಎಣ್ಣೆ ನೀರಿನಂತೆ ತಿಳಿ. ವರ್ಷಗಳು ಕಳೆದಂತೆ ಹಳದಿ, ಜೇನು, ಕೊನೆಗೆ ಕಾಫಿ ಡಿಕಾಕ್ಷನ್ ಬಣ್ಣ. ಬಣ್ಣ ಒಂದೇ ವರ್ಷದಲ್ಲಿ ಥಟ್ಟನೆ ಕಪ್ಪಾದರೆ ಅನುಮಾನ ಪಡಿ. ಮೆಲ್ಲಗೆ ಕಂದಾಗಿದ್ದರೆ ಬೇರೆ ಅಂಕಿಗಳನ್ನು ನೋಡಿದ ಮೇಲೆ ಮಾತಾಡಿ.

ಡಿಜಿಎ: ಎಣ್ಣೆಯಲ್ಲಿ ಕರಗಿದ ಅನಿಲಗಳು

ಎಣ್ಣೆ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದು. ಡಿಜಿಎ ಎಂದರೆ ಡಿಸಾಲ್ವ್ಡ್ ಗ್ಯಾಸ್ ಅನಾಲಿಸಿಸ್, ಕರಗಿದ ಅನಿಲಗಳ ವಿಶ್ಲೇಷಣೆ. ಎಣ್ಣೆಯೆಂದರೆ ಇಂಗಾಲ, ಜಲಜನಕಗಳ ಉದ್ದ ಸರಪಳಿಗಳು. ಶಾಖ ಅಥವಾ ಕಿಡಿ ತಗುಲಿದರೆ ಸರಪಳಿ ತುಂಡಾಗಿ ಸಣ್ಣ ಅನಿಲಗಳು ಹುಟ್ಟಿ ಎಣ್ಣೆಯಲ್ಲೇ ಕರಗಿರುತ್ತವೆ. ಎಷ್ಟು ಶಾಖ ಬಿತ್ತು ಎಂಬುದರ ಮೇಲೆ ಯಾವ ಅನಿಲ ಎಂಬುದು ನಿಂತಿದೆ.

ಈ ಅನಿಲಗಳು ನಿಮಗೆ ಅಪರಿಚಿತವೇನಲ್ಲ. ಮೀಥೇನ್ ಗೋಬರ್ ಗ್ಯಾಸಿನಲ್ಲಿರುವುದೇ. ಅದೂ ಈಥೇನೂ ಕಡಿಮೆ ಮಟ್ಟದ ಕಾವಿನ ಗುರುತು. ಎಥಿಲೀನ್ ಬಾಳೆ, ಮಾವು ಹಣ್ಣು ಮಾಡುವ ಅನಿಲ. ಇಲ್ಲಿ ಅದು ಹೆಚ್ಚಾಗಿದ್ದರೆ ಒಳಗೆಲ್ಲೋ ಒಂದು ಜಾಗ ನೂರಾರು ಡಿಗ್ರಿ ಕಾದಿದೆ ಎಂದರ್ಥ. ಸಡಿಲವಾದ ಬೋಲ್ಟ್, ಸವೆದ ಟ್ಯಾಪ್ ಸಂಪರ್ಕ, ಕೋರಿನಲ್ಲಿ ಸುತ್ತುವ ಕರೆಂಟು ಇಂಥವು ಕಾರಣ. ಅಸಿಟಿಲೀನ್ ವೆಲ್ಡಿಂಗ್ ಅಂಗಡಿಯ ಸಿಲಿಂಡರಿನದ್ದು. ಅದು ಹುಟ್ಟಲು ಅತಿ ಹೆಚ್ಚು ಶಾಖ ಬೇಕು, ಸಾಮಾನ್ಯವಾಗಿ ಒಳಗೆ ಕಿಡಿ ಹಾರಿದಾಗ ಮಾತ್ರ ಬರುತ್ತದೆ. ಕಳೆದ ವರ್ಷ ಸೊನ್ನೆಯಿದ್ದ ಅಸಿಟಿಲೀನ್ ಈ ವರ್ಷ ಕೆಲವೇ ಪಿಪಿಎಂ ಕಂಡರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೈಡ್ರೋಜನ್ ಒಂದೇ ಏರಿದ್ದರೆ ಪಾರ್ಶಿಯಲ್ ಡಿಸ್ಚಾರ್ಜ್ ಎಂಬ ಸಣ್ಣ ಸಣ್ಣ ಮಿಂಚುಗಳ ಅನುಮಾನ. ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತಿದ್ದರೆ ಕಾಗದದ ಕಡೆ ಗಮನ ಹೋಗಬೇಕು.

ಲ್ಯಾಬಿನಲ್ಲಿ ಎಣ್ಣೆಯಿಂದ ಈ ಅನಿಲಗಳನ್ನು ನಿರ್ವಾತದಿಂದ ಎಳೆದು ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರಕ್ಕೆ ಬಿಡುತ್ತಾರೆ. ಅದು ಒಂದೊಂದನ್ನೂ ಬೇರ್ಪಡಿಸಿ ಅಳೆಯುತ್ತದೆ. ಅಂಕಿಗಳನ್ನು ಓದಲು ಹಲವು ದಾರಿಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಡ್ಯುವಾಲ್ ತ್ರಿಕೋನ. ಕೆನಡಾದ ಹೈಡ್ರೋ ಕ್ವಿಬೆಕ್ ವಿದ್ಯುತ್ ಸಂಸ್ಥೆಯ ಮಿಶೆಲ್ ಡ್ಯುವಾಲ್ 1970ರ ದಶಕದಲ್ಲಿ ರೂಪಿಸಿದ್ದು. ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರನ್ನು ಕೂಡಿ, ಒಂದೊಂದರ ಶೇಕಡಾ ಪಾಲು ತೆಗೆದು ತ್ರಿಕೋನದಲ್ಲಿ ಚುಕ್ಕೆ ಇಡುವುದು. ಉದಾಹರಣೆಗೆ ಮೀಥೇನ್ 60, ಎಥಿಲೀನ್ 130, ಅಸಿಟಿಲೀನ್ 10 ಪಿಪಿಎಂ ಬಂದಿದೆ ಎನ್ನಿ. ಒಟ್ಟು 200. ಪಾಲು 30, 65, 5. ಚುಕ್ಕೆ ಬೀಳುವುದು ಟಿ3 ಎಂಬ ಮನೆಯಲ್ಲಿ, ಅಂದರೆ 700 ಡಿಗ್ರಿ ಮೀರಿದ ಶಾಖ. ಯಾರೂ ಟ್ಯಾಂಕ್ ಬಿಚ್ಚಿಲ್ಲ, ಕರೆಂಟು ನಿಲ್ಲಿಸಿಲ್ಲ. ಆದರೂ ಒಳಗೊಂದು ಜೋಡಣೆ ಕೆಂಪಗೆ ಕಾಯುತ್ತಿದೆ ಎಂದು ತಿಳಿಯಿತು.

ಎರಡು ಎಚ್ಚರಿಕೆಗಳು. ಅನಿಲಗಳ ಒಟ್ಟು ಮಟ್ಟವೇ ತೀರಾ ಕಡಿಮೆಯಿದ್ದರೆ ತ್ರಿಕೋನ ಬಳಸಬಾರದು. ಅದು ಆರೋಗ್ಯವಂತನಿಗೂ ಒಂದು ರೋಗದ ಹೆಸರು ಕೊಟ್ಟೇ ಕೊಡುತ್ತದೆ, ಯಾಕೆಂದರೆ ಚುಕ್ಕೆ ಯಾವುದಾದರೊಂದು ಮನೆಯಲ್ಲಿ ಬೀಳಲೇಬೇಕು. ಮತ್ತೊಂದು, ಓಎಲ್‌ಟಿಸಿ ಇರುವ ಟ್ರಾನ್ಸ್‌ಫಾರ್ಮರ್‌ಗಳದ್ದು. ಹೊರೆ ಇರುವಾಗಲೇ ವೋಲ್ಟೇಜು ಹೊಂದಿಸುವ ಆ ಸಾಧನದಲ್ಲಿ ಕಿಡಿ ಹಾರುವುದು ಸಹಜ. ಅದರ ಎಣ್ಣೆ ಸೋರಿ ಮುಖ್ಯ ಟ್ಯಾಂಕಿಗೆ ಸೇರಿದರೆ ಅಸಿಟಿಲೀನ್ ಕಂಡು ಸುಮ್ಮನೆ ಗಾಬರಿಯಾಗುತ್ತದೆ. ಅನುಮಾನವಿದ್ದರೆ ಎರಡೂ ಕಡೆಯ ಎಣ್ಣೆ ಪರೀಕ್ಷಿಸಬೇಕು.

ಒಂದು ಸಲದ ಡಿಜಿಎಗಿಂತ ಎರಡು ಸಲದ ನಡುವಿನ ವ್ಯತ್ಯಾಸ ಮುಖ್ಯ. ಎಥಿಲೀನ್ ಐದು ವರ್ಷದಿಂದ 80ರಲ್ಲೇ ನಿಂತಿದ್ದರೆ ಹಳೆಯ ಗಾಯ ಮಾಗಿದೆ ಎನ್ನಬಹುದು. ಮೂರು ತಿಂಗಳಲ್ಲಿ 20ರಿಂದ 80ಕ್ಕೆ ಏರಿದ್ದರೆ ತಿಂಗಳಿಗೊಮ್ಮೆ, ಬೇಕಾದರೆ ವಾರಕ್ಕೊಮ್ಮೆ ನೋಡಬೇಕು. ದೊಡ್ಡ ಸ್ಟೇಷನ್‌ಗಳ ಮುಖ್ಯ ಟ್ರಾನ್ಸ್‌ಫಾರ್ಮರ್‌ಗಳಿಗೆ ಇದನ್ನು ತಾನೇ ಅಳೆಯುತ್ತಿರುವ ಆನ್‌ಲೈನ್ ಯಂತ್ರವನ್ನೂ ಕೂರಿಸುತ್ತಾರೆ.

ಕಾಗದದ ವಯಸ್ಸನ್ನೇ ತಿಳಿಯಬೇಕೆಂದರೆ ಫ್ಯೂರಾನ್ ಪರೀಕ್ಷೆ ಇದೆ. ಕಾಗದ ಸವೆಯುವಾಗ ಫ್ಯೂರಾನ್ ಎಂಬ ರಾಸಾಯನಿಕಗಳನ್ನು ಎಣ್ಣೆಗೆ ಬಿಡುತ್ತದೆ. ಹೊಸ ಕಾಗದದ ನಾರಿನ ಸರಪಳಿಯಲ್ಲಿ ಸಾವಿರದಷ್ಟು ಕೊಂಡಿಗಳಿರುತ್ತವೆ. 200ಕ್ಕೆ ಇಳಿದರೆ ಕಾಗದಕ್ಕೆ ಕಸುವಿಲ್ಲ, ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಇಪ್ಪತ್ತು ವರ್ಷ ದಾಟಿದ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಇದನ್ನು ಒಮ್ಮೆಯಾದರೂ ಮಾಡಿಸುವುದು ಒಳ್ಳೆಯದು.

ಕೆಟ್ಟಿದೆ ಎಂದು ಬಂದರೆ ಏನು ಮಾಡಬೇಕು?

ನೀರು, ಕಣ, ಗಾಳಿಯಷ್ಟೇ ತೊಂದರೆಯಾದರೆ ಫಿಲ್ಟರ್ ಮಾಡಿಸಿದರೆ ಸಾಕು. ಯಂತ್ರ ತಂದು ಎಣ್ಣೆಯನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ನಿರ್ವಾತದಲ್ಲಿ ಹಾಯಿಸಿ, ಸೋಸಿ ವಾಪಸ್ ಬಿಡುತ್ತಾರೆ. ಆದರೆ ಇದರಿಂದ ಹುಳಿ ಹೋಗುವುದಿಲ್ಲ. ಹುಳಿ ತೆಗೆಯಲು ಎಣ್ಣೆಯನ್ನು ಫುಲರ್ಸ್ ಅರ್ತ್ ಎಂಬ ಮಣ್ಣಿನ ಮೂಲಕ ಹಾಯಿಸಬೇಕು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದೇ ಜಾತಿಯ ಮಣ್ಣು. ಸಣ್ಣ ಟ್ರಾನ್ಸ್‌ಫಾರ್ಮರ್ ಆದರೆ ಹುಳಿಯಾದ ಎಣ್ಣೆಯನ್ನು ಪೂರ್ತಿ ಬದಲಿಸುವುದೇ ಲೇಸು. ಹಳೆಯದಕ್ಕೆ ಸ್ವಲ್ಪ ಹೊಸದನ್ನು ಬೆರೆಸಿ ಸಮಾಧಾನ ಪಟ್ಟುಕೊಳ್ಳಬೇಡಿ, ಉಳಿದ ಹುಳಿ ಹೊಸದನ್ನೂ ಬೇಗ ಕೆಡಿಸುತ್ತದೆ.

ಡಿಜಿಎ ಮಾದರಿಯನ್ನು ಫಿಲ್ಟರ್ ಮಾಡುವ ಮೊದಲೇ ತೆಗೆಯಬೇಕು. ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಫಿಲ್ಟರಿನ ನಿರ್ವಾತ ಎಣ್ಣೆಯಲ್ಲಿದ್ದ ಅನಿಲಗಳನ್ನೆಲ್ಲ ಹೊರಗೆಳೆದುಬಿಡುತ್ತದೆ. ವರ್ಷಗಳಿಂದ ಕೂಡಿಬಂದ ಸಾಕ್ಷ್ಯ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಆಮೇಲೆ ತೆಗೆದ ವರದಿ ಸ್ವಚ್ಛವಾಗಿ ಬರುತ್ತದೆ, ಬಿಡಿವಿ 70 ತೋರಿಸುತ್ತದೆ, ಒಳಗಿನ ಸಡಿಲ ಬೋಲ್ಟ್ ಮಾತ್ರ ಕಾಯುತ್ತಲೇ ಇರುತ್ತದೆ.

ಟ್ರಾನ್ಸ್‌ಫಾರ್ಮರಿನಲ್ಲಿ ಎಸ್ಟರ್ ಎಣ್ಣೆ ಇದ್ದರೆ ಮೇಲಿನ ಮಿತಿಗಳು ಹೊಂದುವುದಿಲ್ಲ. ಸಸ್ಯಜನ್ಯ ಎಸ್ಟರ್ ಖನಿಜ ಎಣ್ಣೆಗಿಂತ ಬಹಳ ಹೆಚ್ಚು ನೀರು ಕರಗಿಸಿಕೊಳ್ಳಬಲ್ಲದು, ಬೆಂಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಹೊಂಗೆ ಎಣ್ಣೆಯನ್ನು ಹೀಗೆ ಬಳಸಬಹುದೇ ಎಂಬ ಸಂಶೋಧನೆಯೂ ದೇಶದಲ್ಲಿ ನಡೆದಿದೆ.

ಖರ್ಚು ಎಷ್ಟು, ಎಲ್ಲಿ ಮಾಡಿಸುವುದು?

ದರ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಮೊದಲೇ ದರಪಟ್ಟಿ ತರಿಸಿಕೊಳ್ಳಿ, ಅದರ ಮೇಲೆ ಜಿಎಸ್‌ಟಿ ಸೇರುತ್ತದೆ ಎಂಬುದು ನೆನಪಿರಲಿ. ಬಿಡಿವಿ ಎಲ್ಲಕ್ಕಿಂತ ಅಗ್ಗ. ಡಿಜಿಎ, ಫ್ಯೂರಾನ್ ಸೇರಿದರೆ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. 500 ಕೆವಿಎ ಟ್ರಾನ್ಸ್‌ಫಾರ್ಮರ್ ಸುಟ್ಟರೆ ರಿಪೇರಿಗೆ ಲಕ್ಷಗಳು ಬೇಕು. ಅದಕ್ಕಿಂತ ದೊಡ್ಡ ನಷ್ಟ, ಅದು ಬರುವವರೆಗೆ ಗಿರಣಿ ನಿಂತು ಜನರೇಟರಿಗೆ ಡೀಸೆಲ್ ಸುರಿಯುವುದು.

ಬೆಂಗಳೂರಿನ ಸರ್ ಸಿ. ವಿ. ರಾಮನ್ ರಸ್ತೆಯಲ್ಲಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಪಿಆರ್‌ಐ, ಎಣ್ಣೆಯ ಈ ಪರೀಕ್ಷೆಗಳನ್ನು ಮಾಡುತ್ತದೆ. 1960ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದು. ಶುಲ್ಕ ಕಟ್ಟಿ ಖಾಸಗಿಯವರೂ ಮಾದರಿ ಕೊಡಬಹುದು. ಖಾಸಗಿ ಲ್ಯಾಬುಗಳೂ ಇವೆ. ಆಯ್ಕೆ ಮಾಡುವಾಗ ಎನ್‌ಎಬಿಎಲ್ ಮಾನ್ಯತೆ ಕೇಳಿ. ಮಾನ್ಯತೆ ಇದೆಯೆಂದರೆ ಸಾಲದು, ಅದು ಒಂದೊಂದು ಪರೀಕ್ಷೆಗೆ ಬೇರೆ ಬೇರೆಯಾಗಿ ಸಿಗುವಂಥದ್ದು. ಬಿಡಿವಿಗೆ ಮಾನ್ಯತೆ ಇದ್ದು ಡಿಜಿಎಗೆ ಇಲ್ಲದಿರಬಹುದು. ಎನ್‌ಎಬಿಎಲ್ ಜಾಲತಾಣದಲ್ಲಿ ಲ್ಯಾಬಿನ ಹೆಸರು ಹಾಕಿ ನೋಡಬಹುದು.

ಎಷ್ಟು ಸಲ ಮಾಡಿಸಬೇಕು? 11 ಕೆವಿಯ ಸ್ವಂತ ಟ್ರಾನ್ಸ್‌ಫಾರ್ಮರಿಗೆ ವರ್ಷಕ್ಕೊಮ್ಮೆ ಬಿಡಿವಿ, ನೀರು, ಅಸಿಡಿಟಿ ಸಾಕು. ಡಿಜಿಎ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿದರೂ ನಡೆಯುತ್ತದೆ. 66 ಕೆವಿ ಮತ್ತು ಮೇಲ್ಪಟ್ಟದ್ದಾದರೆ ಡಿಜಿಎಯೂ ವರ್ಷಕ್ಕೊಮ್ಮೆ ಇರಲಿ. ಹೊಸದನ್ನು ಚಾಲೂ ಮಾಡುವ ಮೊದಲು ಒಂದು, ಚಾಲೂ ಮಾಡಿ ಸ್ವಲ್ಪ ದಿನವಾದ ಮೇಲೆ ಒಂದು ಡಿಜಿಎ ಮಾಡಿಸಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಹೋಲಿಕೆಗೂ ಅದೇ ಆಧಾರ. ಬುಕ್‌ಹೋಲ್ಜ್ ರಿಲೇ, ಅಂದರೆ ಒಳಗೆ ಅನಿಲ ಕೂಡಿದರೆ ಗಂಟೆ ಬಾರಿಸುವ ಸಾಧನ, ಕೂಗಿದರೆ ವರ್ಷ ತುಂಬಲೆಂದು ಕಾಯದೆ ತಕ್ಷಣ ಮಾದರಿ ತೆಗೆಸಿ.

ತೀರಾ ಹಳೆಯ ಟ್ರಾನ್ಸ್‌ಫಾರ್ಮರ್ ಕೊಂಡಿದ್ದರೆ ಅಥವಾ ಗುಜರಿಗೆ ಹಾಕುವುದಿದ್ದರೆ ಪಿಸಿಬಿ ಪರೀಕ್ಷೆ ಮಾಡಿಸಿ. ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ಈ ರಾಸಾಯನಿಕವನ್ನು ಹಿಂದೆ ನಿರೋಧಕ ದ್ರವವಾಗಿ ಬಳಸುತ್ತಿದ್ದರು. ಅದು ಮಣ್ಣು, ನೀರು, ಮೈಯಲ್ಲಿ ಉಳಿದುಬಿಡುವ ವಿಷ. ಭಾರತ ಸರ್ಕಾರ 2016ರಲ್ಲಿ ಇದರ ನಿಯಂತ್ರಣಕ್ಕೆ ಆದೇಶ ಹೊರಡಿಸಿದೆ. 50 ಪಿಪಿಎಂ ಮಿತಿಗಿಂತ ಹೆಚ್ಚಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ ಮುಂದುವರಿಯಿರಿ. ಪಿಸಿಬಿ ಇಲ್ಲದ ಹಳೆಯ ಎಣ್ಣೆಯೂ ಅಪಾಯಕಾರಿ ತ್ಯಾಜ್ಯವೇ. ನೋಂದಾಯಿತ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ಮರಕ್ಕೆ ಗೆದ್ದಲು ಹತ್ತದಂತೆ ಬಳಿಯಲು, ಗಾಯಕ್ಕೆ ಹಚ್ಚಲು ಎಂದು ಕೇಳಿಕೊಂಡು ಬರುವವರಿದ್ದಾರೆ. ಯಾರಿಗೂ ಕೊಡಬೇಡಿ.

ಮೊದಲ ವರದಿ ಬಂದ ದಿನ ಒಂದು ದಪ್ಪ ನೋಟ್‌ಬುಕ್ ತೆಗೆದಿಡಿ. ಮೊದಲ ಪುಟದಲ್ಲಿ ಟ್ರಾನ್ಸ್‌ಫಾರ್ಮರಿನ ನಾಮಫಲಕದಲ್ಲಿರುವುದನ್ನೆಲ್ಲ ಬರೆಯಿರಿ. ಮುಂದಿನ ಪುಟದಲ್ಲಿ ದಿನಾಂಕ, ಎಣ್ಣೆಯ ಉಷ್ಣತೆ, ಬಿಡಿವಿ, ನೀರು, ಅಸಿಡಿಟಿ, ಒಂದೊಂದು ಅನಿಲಕ್ಕೂ ಒಂದು ಕಾಲಂ. ಫಿಲ್ಟರ್ ಮಾಡಿಸಿದ ದಿನ, ಹರಳು ಬದಲಿಸಿದ ದಿನ, ಎಣ್ಣೆ ಸೇರಿಸಿದ ಲೀಟರ್ ಅದೇ ಪುಟಕ್ಕೆ. ಪ್ರತಿ ವರ್ಷ ಅದೇ ತಿಂಗಳಲ್ಲಿ, ಆದರೆ ಫೆಬ್ರುವರಿ ಅಥವಾ ಮಾರ್ಚಿನ ಒಣ ದಿನ ನೋಡಿ, ಅದೇ ವಾಲ್ವ್‌ನಿಂದ ಮಾದರಿ ತೆಗೆಸಿ. ನೋಟ್‌ಬುಕ್ಕನ್ನು ಮ್ಯಾನೇಜರ್ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಪ್ಯಾನೆಲ್ ರೂಮಿನಲ್ಲಿ, ಎಲೆಕ್ಟ್ರಿಷಿಯನ್ ಕೈಗೆ ಸಿಗುವಂತೆ ಮೊಳೆಗೆ ತೂಗುಹಾಕಿ.